ಪುಕ್ಕಟೆ ಪಂದ್ಯ, ಗರಡಿ ಕಣ್ಣು

ಗುದ್ದು, ಒದೆ, ಕುಸ್ತಿ ಎಲ್ಲ ಬೆರೆತ ಎಂಎಂಎ ಕಾಳಗದ ಪಂದ್ಯ ನಡೆಸುವ ಅಮೆರಿಕದ ಸಂಸ್ಥೆ ಯುಎಫ್‌ಸಿ. ಅದರ ಯೂಟ್ಯೂಬ್ ಚಾನೆಲ್‌ನಲ್ಲಿ ಎಷ್ಟೋ ಹಳೆಯ ಪಂದ್ಯಗಳು ಪೂರ್ತಿಯಾಗಿ, ಪುಕ್ಕಟೆ ಸಿಗುತ್ತವೆ. ಬಳ್ಳಾರಿ ಕೌಲ್ ಬಜಾರ್‌ನಲ್ಲಿ ಕೂತು ಕಲಿಯುವ ನನ್ನಂಥವನಿಗೆ ಇನ್ನೇನು ಬೇಕು? ನಾನು ಗರಡಿ ಮಣ್ಣು ಮೆತ್ತಿಕೊಂಡು ಬೆಳೆದವನು. ಗುದ್ದಾಟಕ್ಕಿಂತ ಪಟ್ಟು ನೋಡೋದೇ ಜಾಸ್ತಿ ಇಷ್ಟ.

2018ರಲ್ಲಿ ರಷ್ಯಾದ ಖಬೀಬ್ ಮತ್ತು ಐರ್ಲೆಂಡ್‌ನ ಮೆಕ್‌ಗ್ರೆಗರ್ ಆಡಿದ ಪಂದ್ಯವನ್ನು ವೇಗ ಕಡಿಮೆ ಮಾಡಿ ನೋಡಿ. ಖಬೀಬ್ ಎದುರಾಳಿಯನ್ನು ಕೆಡವಿ ಸುಮ್ನೆ ಮೇಲೆ ಕೂರುವುದಿಲ್ಲ. ಕಣದ ಸುತ್ತಲಿನ ಜಾಲರಿಗೆ ಒತ್ತಿ, ಅವನ ಎರಡೂ ಕಾಲನ್ನು ತನ್ನ ಕಾಲಿನಿಂದ ಕಟ್ಟಿಹಾಕುತ್ತಾನೆ. ಏಳೋಕೆ ಕೈ ಊರಿದರೆ ಆ ಮಣಿಕಟ್ಟನ್ನೂ ಹಿಡಿದುಬಿಡುತ್ತಾನೆ! ಕುಸ್ತಿಯಲ್ಲಿ ಬೆನ್ನು ನೆಲಕ್ಕೆ ತಾಗಿದರೆ ಮುಗೀತು. ಇಲ್ಲಿ ಕೆಲಸ ಶುರುವಾಗುವುದೇ ಆಮೇಲೆ. ನಾಲ್ಕನೇ ಸುತ್ತಿನಲ್ಲಿ ಕುತ್ತಿಗೆಗೆ ಬಿದ್ದ ಪಟ್ಟು ತಾಳಲಾರದೆ ಮೆಕ್‌ಗ್ರೆಗರ್ ಕೈ ತಟ್ಟಿ ಸೋಲೊಪ್ಪಿಕೊಂಡ.

ಆದರೆ ಇದು ಪಾಠ ಅಲ್ಲ, ಪಂದ್ಯ. ಕಾಮೆಂಟರಿ ಇಂಗ್ಲಿಷ್, ವೇಗವೂ ಜಾಸ್ತಿ. ಕುತ್ತಿಗೆ ಪಟ್ಟುಗಳನ್ನಂತೂ ಉಸ್ತಾದರ ಎದುರೇ ಮಾಡಬೇಕು, ಮನೆ ಹಾಸಿಗೆ ಮೇಲೆ ಅಲ್ಲ.

ಹುರುಪಿಗೆ ಮಾತ್ರ ಪೂರ್ತಿ ಅಂಕ. 2024ರಲ್ಲಿ ಪೂಜಾ ತೋಮರ್ ಯುಎಫ್‌ಸಿಯಲ್ಲಿ ಗೆದ್ದ ಮೊದಲ ಭಾರತೀಯ ಮಹಿಳೆಯಾದರು. ಅದನ್ನು ನೋಡಿದ ಅಕ್ಕನ ಮಗಳು ಈಗ ಗ್ಲೌಸ್ ಕೊಡಿಸು ಮಾಮಾ ಅಂತ ಬೆನ್ನು ಬಿದ್ದಿದ್ದಾಳೆ.