ಮನೆಮನೆಗೆ ಕಾರ್ಡ್ ಕಳಿಸ್ತೀವಿ ಅಂತ ಬರುವವರಿಗೆ ದುಡ್ಡು ಕೊಡುವ ಮೊದಲು ಇದನ್ನು ಓದಿ

ಬಾಗಲಕೋಟೆ ನವನಗರದಲ್ಲಿ ನನ್ನದೊಂದು ಸಣ್ಣ ಅಂಗಡಿ. ಇಳಕಲ್ ಸೀರೆ, ಗುಳೇದಗುಡ್ಡದ ಖಣ. ದೀಪಾವಳಿಗೆ ಮೊದಲು ಒಬ್ಬರು ಬಂದು, "ಮೊಬೈಲ್ ಮೆಸೇಜ್ ಯಾರೂ ಓದಲ್ಲ ಮೇಡಂ, ಪೋಸ್ಟಿನಲ್ಲಿ ಕಾರ್ಡ್ ಹೋದರೆ ಹೆಣ್ಮಕ್ಕಳು ಎತ್ತಿಡ್ತಾರೆ" ಎಂದರು. ಮಾತು ಸರಿ ಅನ್ನಿಸಿತು. ಅಚ್ಚು, ಅವರದೇ ವಿಳಾಸದ ಪಟ್ಟಿ, ಅಂಚೆ ಎಲ್ಲ ಸೇರಿ 3,000 ರಿಯಾಯಿತಿ ಕಾರ್ಡಿಗೆ 27,000 ರೂಪಾಯಿ. ಪೂರ್ತಿ ಮೊದಲೇ ಕೊಟ್ಟೆ. ಹೌದು, ಪೂರ್ತಿ.

ಹಬ್ಬ ಮುಗಿಯಿತು. ರಿಯಾಯಿತಿ ಕಾರ್ಡ್ ಹಿಡಿದು ಬಂದವರು ನಾಲ್ಕೇ ಜನ. ಆಮೇಲೆ ಕಾರ್ಡುಗಳೇ ವಾಪಸ್ ಬರತೊಡಗಿದವು.

ಪೋಸ್ಟ್‌ಮನ್ ಒಂದು ಕಟ್ಟು ತಂದು ಕೌಂಟರ್ ಮೇಲಿಟ್ಟರು. ಒಂದೊಂದರ ಮೇಲೂ ನೀಲಿ ಪೆನ್ನಿನಲ್ಲಿ ಒಂದೇ ಶಬ್ದ: 'ಮುಳುಗಡೆ'. ಎಲ್ಲವೂ ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿಗೆ ಹೋದ ಹಳೆ ಊರಿನ ಮನೆಗಳು. ಹಾಗೆ ಮನೆ ಕಳಕೊಂಡವರಿಗೆ ಕಟ್ಟಿದ್ದೇ ನವನಗರ. ನವನಗರದ ವಿಳಾಸ ಅಂದರೆ ಸೆಕ್ಟರ್ ನಂಬರ್ ಬೇಕೇ ಬೇಕು ಅಲ್ವಾ? ಒಂದರಲ್ಲೂ ಇಲ್ಲ. ಐದಾರು ತಿರುವಿ ಹಾಕಿದೆ. ಒಂದು ಕಾರ್ಡ್ ನಮ್ಮ ಅಪ್ಪನ ಹೆಸರಿಗಿತ್ತು. ನಾನು ಹುಟ್ಟಿದ ಮನೆಯ ವಿಳಾಸ. ಅಪ್ಪ ತೀರಿಕೊಂಡು 11 ವರ್ಷ ಆಯ್ತು. ಆ ಮನೆ ಅದಕ್ಕೂ ಮೊದಲೇ ನೀರು ಪಾಲಾಗಿತ್ತು. ನನ್ನದೇ ದುಡ್ಡಿನಲ್ಲಿ ನಮ್ಮಪ್ಪನಿಗೆ ಸೀರೆ ಆಫರ್ ಕಳಿಸಿದ್ದಾರೆ. ಪೋಸ್ಟ್‌ಮನ್ ಎದುರು ತಲೆ ಎತ್ತಲಾಗಲಿಲ್ಲ.

ಫೋನ್ ಮಾಡಿದೆ. "ಡೇಟಾದಲ್ಲಿ ಸ್ವಲ್ಪ ಹೆಚ್ಚುಕಮ್ಮಿ ಇರ್ತದೆ ಮೇಡಂ." ಪಟ್ಟಿ ಎಲ್ಲಿಂದ ತಂದಿರಿ? "ಅದು ಕಂಪನಿ ಸೀಕ್ರೆಟ್." ಅಂಚೆಗೆ ಕಟ್ಟಿದ ರಸೀದಿ? ಎರಡು ದಿನ ಬಿಟ್ಟು ಕಾರ್ಡಿನ ಕಟ್ಟುಗಳ ಫೋಟೋ ಕಳಿಸಿದರು. ಫೋಟೋ! ಮತ್ತೆ ಕೇಳಿದೆ. "ನೂರಕ್ಕೆ ಇಬ್ಬರು ಬಂದರೆ ಅದೇ ದೊಡ್ಡದು, ನಿಮಗೆ ಈ ಬಿಸಿನೆಸ್ ಗೊತ್ತಿಲ್ಲ" ಎಂದರು. ಅವರದೇ ಲೆಕ್ಕ ಹಿಡಿದರೂ 60 ಜನ ಬರಬೇಕಿತ್ತು. ಈಗ ಫೋನ್ ಎತ್ತುವುದಿಲ್ಲ. 3,000 ನಿಜವಾಗಿ ಅಂಚೆಗೆ ಬಿದ್ದವಾ, ಅದೂ ಗೊತ್ತಿಲ್ಲ.

ಆಮೇಲೆ ಪೋಸ್ಟ್ ಆಫೀಸಿಗೆ ಹೋದೆ. ಅಂಚೆ ಇಲಾಖೆಯಲ್ಲೇ ಡೈರೆಕ್ಟ್ ಪೋಸ್ಟ್ ಅಂತ ಇದೆಯಂತೆ. ಹೆಸರು, ವಿಳಾಸ ಏನೂ ಬೇಡ. ಯಾವ ಏರಿಯಾ ಅಂತ ಹೇಳಿದರೆ ಅಲ್ಲಿಯ ಮನೆಗಳಿಗೆ ಅವರೇ ಹಂಚುತ್ತಾರೆ. ಇದನ್ನು ಮೊದಲೇ ವಿಚಾರಿಸಿದ್ದರೆ ಈ ಮನುಷ್ಯನೇ ಬೇಕಿರಲಿಲ್ಲ.

ಪಟ್ಟಿ ತೋರಿಸದೆ ಒಂದು ರೂಪಾಯಿ ಕೊಡಬೇಡಿ. ತೋರಿಸಿದರೆ ನಿಮ್ಮ ಓಣಿಯ ಹತ್ತು ಮನೆ ನೀವೇ ನೋಡಿ. ಅಂಚೆ ರಸೀದಿ ನಿಮ್ಮ ಅಂಗಡಿ ಹೆಸರಿನಲ್ಲೇ ಇರಲಿ. ಇಳಕಲ್, ಗುಳೇದಗುಡ್ಡದ ಅಂಗಡಿಗಳಿಗೂ ಈ ಜನ ಹೋಗುತ್ತಿದ್ದಾರೆ ಅಂತ ಕೇಳಿದೆ. ಯಾರಿಗಾದರೂ ಅನುಮಾನ ಇದ್ದರೆ ಅಂಗಡಿಗೆ ಬನ್ನಿ. ವಾಪಸ್ ಬಂದ ಕಟ್ಟು ಗಲ್ಲಾಪೆಟ್ಟಿಗೆ ಪಕ್ಕದಲ್ಲೇ ಇದೆ. ಅಪ್ಪನ ಕಾರ್ಡ್ ಮಾತ್ರ ಮನೆಗೆ ಒಯ್ದಿದ್ದೇನೆ.