ಹೊಸ ಹಾಸಿಗೆಯ ಮೈನೋವಿಗೆ ಟಾಪರ್ ಬೇಕಾ, ದಿಂಬು ಸಾಕಾ?

ಹಳೆಯ ಹಾಸಿಗೆಯ ನಡುವೆ ಕುಳಿ ಬಿದ್ದಿತ್ತು. ಅದನ್ನು ತೆಗೆದು ಗಟ್ಟಿ ಫೋಮ್ ಹಾಸಿಗೆ ತಂದೆ. ಮೂರನೇ ಬೆಳಿಗ್ಗೆ ಏಳುವಾಗ ಬಲಭುಜ ಹಿಡಿದುಕೊಂಡಿತ್ತು. ಸೊಂಟದ ಪಕ್ಕದ ಮೂಳೆ ಮುಟ್ಟಿದರೆ ನೋವು. ಕುತ್ತಿಗೆ ಒಂದು ಕಡೆ ತಿರುಗುತ್ತಲೇ ಇರಲಿಲ್ಲ. ನಾನು ಮಗ್ಗುಲಾಗಿ ಮಲಗುವವಳು, ಮುಂದಿನದನ್ನು ಓದುವಾಗ ಇದು ನೆನಪಿರಲಿ. ಎರಡು ತಿಂಗಳು ಒಂದೊಂದೇ ಉಪಾಯ ಮಾಡಿ ನೋಡಿದೆ. ಎರಡನ್ನು ಒಟ್ಟಿಗೆ ಶುರು ಮಾಡಿದರೆ ಯಾವುದರಿಂದ ಕಡಿಮೆಯಾಯಿತು ಅಂತ ತಿಳಿಯುವುದಿಲ್ಲ ಅಲ್ವಾ?

ಮೊದಲು ಸುಮ್ನೆ ಕಾದೆ. ಎರಡೂವರೆ ವಾರದಲ್ಲಿ ಬೆನ್ನಿನ ಬಿಗಿತ ತಾನಾಗಿಯೇ ಹೋಯಿತು. ಕುಳಿಯಲ್ಲಿ ಬಾಗಿ ಮಲಗಿ ಅಭ್ಯಾಸವಾಗಿದ್ದ ಮೈ ನೇರವಾಗಿ ಮಲಗಲು ಅಷ್ಟು ದಿನ ತೆಗೆದುಕೊಂಡಿತು ಅನ್ನಿಸುತ್ತದೆ. ಆದರೆ ಭುಜ, ಸೊಂಟದ ಮೂಳೆ, ಕುತ್ತಿಗೆ ಮೂರೂ ಹಾಗೇ ಇದ್ದವು. ಮಾಂಸಖಂಡದ ಬಿಗಿತ ಕಾದರೆ ಇಳಿಯುತ್ತದೆ. ಒಂದೇ ಜಾಗದಲ್ಲಿ ಒತ್ತಿ ಬರುವ ನೋವು ಹಾಗಲ್ಲ, ಒತ್ತುವುದು ನಿಲ್ಲಬೇಕು.

ನೆಲದ ಮೇಲೆ ಮಲಗು, ಸರಿಹೋಗುತ್ತದೆ ಅಂತ ಹಲವರು ಹೇಳಿದರು. ದಪ್ಪ ಕಂಬಳಿ ಹಾಸಿ ನಾಲ್ಕು ರಾತ್ರಿ ಮಲಗಿದೆ. ಕಾಯುವುದಕ್ಕಿಂತ ಇದು ಕೆಟ್ಟದಾಯಿತು, ಸೊಂಟದ ನೋವು ಜಾಸ್ತಿಯಾಯಿತು. ಹಾಸಿಗೆ ಗಟ್ಟಿಯಾದಷ್ಟೂ ಬೆನ್ನಿಗೆ ಒಳ್ಳೆಯದು ಎಂಬ ಮಾತನ್ನು ನಾನೂ ನಂಬಿದ್ದೆ. 2003ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಸ್ಪೇನ್‌ನ ಒಂದು ಅಧ್ಯಯನ ಬಂದಿದೆ. ಬಹಳ ದಿನದಿಂದ ಬೆನ್ನಿನ ಕೆಳಭಾಗದ ನೋವಿದ್ದ 313 ಜನರಿಗೆ ಗಟ್ಟಿ ಅಥವಾ ಮಧ್ಯಮ ಗಟ್ಟಿ ಹಾಸಿಗೆ ಕೊಟ್ಟು 90 ದಿನ ನೋಡಿದರು. ಮಧ್ಯಮ ಹಾಸಿಗೆಯವರೇ ಹೆಚ್ಚು ಸುಧಾರಿಸಿದ್ದರು. ಅದನ್ನು ಓದಿದ ದಿನವೇ ಕಂಬಳಿ ಮಡಚಿಟ್ಟೆ.

ನಿಜವಾದ ಪೈಪೋಟಿ ಇದ್ದದ್ದು ದಿಂಬಿಗೂ ಟಾಪರ್‌ಗೂ (ಹಾಸಿಗೆಯ ಮೇಲೆ ಹಾಸುವ ಮೆತ್ತನೆ ಪದರ). ದಿಂಬಿನಿಂದ ಶುರು ಮಾಡಿದೆ. ಹಳೆಯ ಮೆತ್ತನೆ ಹಾಸಿಗೆಯಲ್ಲಿ ಭುಜ ಒಳಗೆ ಇಳಿಯುತ್ತಿತ್ತು, ಹಾಗಾಗಿ ತೆಳು ದಿಂಬು ಸಾಕಾಗುತ್ತಿತ್ತು. ಗಟ್ಟಿ ಹಾಸಿಗೆಯಲ್ಲಿ ಭುಜ ಇಳಿಯದೆ ಮೇಲೇ ನಿಂತಿತು. ಅದೇ ತೆಳು ದಿಂಬಿನ ಮೇಲೆ ತಲೆ ರಾತ್ರಿಯಿಡೀ ಕೆಳಕ್ಕೆ ವಾಲುತ್ತಿತ್ತು. ಹಾಸಿಗೆ ಬದಲಾದರೆ ದಿಂಬಿನ ಎತ್ತರವೂ ಬದಲಾಗಬೇಕು ಅನ್ನುವುದನ್ನು ನನಗೆ ಯಾರೂ ಹೇಳಿರಲಿಲ್ಲ. ಹೊಸ ದಿಂಬು ತರಲಿಲ್ಲ. ದಿಂಬಿನ ಕೆಳಗೆ ಟವೆಲ್ ಮಡಚಿಟ್ಟೆ, ಒಂದು ಸಾಲದೆ ಎರಡು. ಮೂಗು ಎದೆಯ ನಡುಗೆರೆಗೆ ನೇರವಾಗುವಷ್ಟು ಎತ್ತರ ಸಿಕ್ಕಿದ ಮೇಲೆ ಎರಡೇ ದಿನದಲ್ಲಿ ಕುತ್ತಿಗೆ ಸಡಿಲವಾಯಿತು. ಮೊಣಕಾಲುಗಳ ನಡುವೆ ಇನ್ನೊಂದು ದಿಂಬು ಇಟ್ಟೆ. ಮೇಲಿನ ಕಾಲು ಮುಂದಕ್ಕೆ ಬಿದ್ದು ಸೊಂಟವನ್ನು ಎಳೆಯುವುದು ನಿಂತಿತು. ಅಂಗಾತ ಮಲಗುವವರು ಅದೇ ದಿಂಬನ್ನು ಮೊಣಕಾಲಿನ ಕೆಳಗೆ ಇಟ್ಟುಕೊಳ್ಳಬಹುದು. ಆದರೆ ಸೊಂಟದ ಪಕ್ಕದ ಮೂಳೆಯ ನೋವಿಗೆ ಇದ್ಯಾವುದೂ ನಾಟಲಿಲ್ಲ.

ಅದಕ್ಕೆ ಟಾಪರ್ ಬೇಕಾಯಿತು. ಎರಡು ಇಂಚಿನ ಮೆಮೊರಿ ಫೋಮ್ ಹಾಸಿದೆ, ಮೂರು ರಾತ್ರಿಯಲ್ಲಿ ಮೂಳೆಯ ನೋವು ಅರ್ಧಕ್ಕೆ ಇಳಿಯಿತು. ಮೈಯ ಬಿಸಿಗೆ ಮೆತ್ತಗಾಗುವುದು ಈ ಫೋಮ್‌ನ ಗುಣ. ಅದಕ್ಕೇ ಚಳಿಯಲ್ಲಿ ಮಲಗಿದ ಕೂಡಲೇ ಗಟ್ಟಿ ಅನ್ನಿಸುತ್ತದೆ. ಸೆಕೆಯಲ್ಲಿ ಮೈ ಬೆವರುತ್ತದೆ. ಗೆಳತಿಯ ಲೇಟೆಕ್ಸ್ (ರಬ್ಬರ್) ಟಾಪರನ್ನು ಒಂದು ವಾರ ಹಾಸಿ ನೋಡಿದೆ. ಅದು ಕೂಡಲೇ ಪುಟಿಯುತ್ತದೆ, ಮಗ್ಗುಲು ಬದಲಿಸುವುದು ಸಲೀಸು, ಸೆಕೆ ಕಡಿಮೆ. ಆದರೆ ಭುಜ ಫೋಮ್‌ನಲ್ಲಿ ಇಳಿದಷ್ಟು ಇಳಿಯಲಿಲ್ಲ. ನನ್ನ ಭುಜಕ್ಕೆ ಫೋಮೇ ಸರಿ. ರಾತ್ರಿ ತುಂಬಾ ಹೊರಳುವವರಾಗಿದ್ದರೆ ಲೇಟೆಕ್ಸ್ ನೋಡಿ ಅನ್ನುತ್ತೇನೆ. ಟಾಪರ್ ಹಾಕಿದ ಮೇಲೆ ಭುಜ ಮತ್ತೆ ಇಳಿಯಿತು, ದಿಂಬಿನ ಕೆಳಗಿನ ಒಂದು ಟವೆಲ್ ತೆಗೆಯಬೇಕಾಯಿತು.

ನಡುವೆ ಒಂದು ವಾರ ಟಾಪರ್ ತೆಗೆದು, ಟವೆಲ್ ಮತ್ತೆ ಎರಡು ಇಟ್ಟು ಮಲಗಿದೆ. ಕುತ್ತಿಗೆ ಚೆನ್ನಾಗಿತ್ತು, ಸೊಂಟದ ನೋವು ಮರಳಿತು. ಹಾಗಾಗಿ ಕುತ್ತಿಗೆಗೆ ದಿಂಬು, ಸೊಂಟಕ್ಕೆ ಟಾಪರ್. ಮೊದಲು ಯಾವುದು ಅಂದರೆ ದಿಂಬೇ. ಖರ್ಚಿಲ್ಲ, ಎರಡು ದಿನದಲ್ಲಿ ಉತ್ತರ ಸಿಗುತ್ತದೆ.

ಬಿಸಿನೀರಿನ ಚೀಲ, ಬೆಳಗಿನ ಮೈ ಸಡಿಲಿಸುವ ವ್ಯಾಯಾಮ ಎರಡೂ ಆ ಹೊತ್ತಿಗೆ ಹಿತ. ಮರುದಿನದ ನೋವನ್ನು ತಡೆಯಲಿಲ್ಲ.

ಹಾಸಿಗೆ ತೀರಾ ಮೆತ್ತಗಿದ್ದು ಸೊಂಟವೇ ಕುಸಿಯುತ್ತಿದ್ದರೆ ಟಾಪರ್‌ಗೆ ದುಡ್ಡು ಹಾಕಬೇಡಿ. ಅದೂ ಜೊತೆಗೇ ಕುಸಿಯುತ್ತದೆ. ವಾಪಸ್ ಮಾಡುವ ಅವಧಿ ಮುಗಿಯುವ ಮೊದಲೇ ಹಾಸಿಗೆಯನ್ನೇ ಬದಲಿಸಿಕೊಳ್ಳಿ. ಕಾಲು ಜೋಮು ಹಿಡಿಯುವುದು, ಬಲ ಕಡಿಮೆಯಾಗುವುದು, ನೋವಿನ ಜೊತೆ ಜ್ವರ ಬರುವುದು ಇದ್ದರೆ ಹಾಸಿಗೆಯನ್ನು ದೂರದೆ ವೈದ್ಯರ ಬಳಿ ಹೋಗಿ. ಮೂತ್ರ ಹಿಡಿತ ತಪ್ಪಿದರೆ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಎದ್ದ ಮೇಲಿನ ಬಿಗಿತ ವಾರಗಟ್ಟಲೆ ದಿನವೂ ಅರ್ಧ ಗಂಟೆಗಿಂತ ಜಾಸ್ತಿ ಉಳಿಯುತ್ತಿದ್ದರೂ ಒಮ್ಮೆ ತೋರಿಸಿ.