ಮೂರೂವರೆ ವರ್ಷದ ಗಾಜಿನ ಕಿಲ್ನ್: ಕಾಯೋದು ಚೆನ್ನಾಗಿ ಕಾಯುತ್ತೆ, ಆರೋದೇ ರಗಳೆ

ಮೊದ್ಲೇ ಹೇಳ್ಬಿಡ್ತೀನಿ, ಇದು ಬ್ರಾಂಡ್ ಐಟಂ ಅಲ್ಲ, ಆರ್ಡರ್ ಕೊಟ್ಟು ಮಾಡಿಸಿದ ಎಲೆಕ್ಟ್ರಿಕ್ ಕಿಲ್ನ್, ಅಂದ್ರೆ ಗಾಜು ಕರಗಿಸೋ ಕರೆಂಟ್ ಒಲೆ. ಮಾಡ್ಕೊಟ್ಟೋರು ಮಾಮೂಲಿಯಾಗಿ ಲ್ಯಾಬ್ ಫರ್ನೇಸು, ಒಡವೆ ಎರಕದವರ ಫರ್ನೇಸು ಮಾಡೋರು, ಗಾಜಿಗೆ ಅಂತ ಮಾಡಿದ್ದು ನಂದೇ ಮೊದ್ಲು ಅಂತ ನಂಗೆ ಗೊತ್ತಾಗೋ ಹೊತ್ತಿಗೆ ಅಡ್ವಾನ್ಸ್ ಕೊಟ್ಟಾಗಿತ್ತು. ಹೆಸ್ರು ಹಾಕಲ್ಲ, ಯಾಕಂದ್ರೆ ತಪ್ಪು ಅರ್ಧ ಅವ್ರದ್ದು ಅರ್ಧ ನಂದು. ಒಳಗಡೆ 14 ಇಂಚು ಚೌಕ, 9 ಇಂಚು ಎತ್ತರ, ಮೇಲ್ಗಡೆ ಮುಚ್ಚಳ, 3 ಕಿಲೋವ್ಯಾಟ್, ಸಿಂಗಲ್ ಫೇಸು, ಶಾಖ ಏರಿಸಿ ಇಳಿಸಿ ನೋಡ್ಕೊಳ್ಳೋಕೆ 8 ಸ್ಟೆಪ್ ಹಾಕ್ಬಹುದಾದ ಪಿಐಡಿ ಕಂಟ್ರೋಲರ್. ಸಾಗಾಣಿಕೆ ಸೇರಿ 70 ಸಾವಿರದ ಹತ್ತಿರ ಬಂತು.

ಮೈಸೂರಿನ ಕುವೆಂಪುನಗರದ ನಮ್ಮನೆ ಹಿಂದೆ ಒಗೆಯೋ ಕಲ್ಲು ಇದ್ದ ಜಾಗಕ್ಕೆ ಶೀಟ್ ಹಾಕ್ಸಿ ಅಲ್ಲಿ ಇಟ್ಟಿದೀನಿ. ವೈರಿಂಗ್ ಮಾಡೋಕೆ ಬಂದ ಹುಡುಗ ಮಂಡ್ಯ ಕಡೆಯವನು, ಮುಚ್ಚಳ ಎತ್ತಿ ನೋಡಿ "ಏನಕ್ಕೋ ಇದು, ಒಳಗೆ ಒಲೆ ಮಡಗವ್ರೆ, ಗೀಸರ್ ಪಾಯಿಂಟಲ್ಲಿ ಓಡ್ಸಂಗಿಲ್ಲ ಇದ" ಅಂದ. ಅವನು ಹೇಳಿದ್ದೇ ಸರಿ, ಮೀಟರ್ ಬೋರ್ಡಿಂದ ಬೇರೆ ಲೈನು, ಬೇರೆ ಎಂಸಿಬಿ, ಒಳ್ಳೆ ಅರ್ಥಿಂಗ್. ಒಂದು ಫುಲ್ ಫ್ಯೂಸ್, ಅಂದ್ರೆ ಗಾಜುಗಳನ್ನ ಪೂರ್ತಿ ಕರಗಿಸಿ ಒಂದಾಗ್ಸೋದು, ಮಾಡಿದ್ರೆ 10-12 ಯೂನಿಟ್ ತಿನ್ನುತ್ತೆ, ತಿಂಗಳಿಗೆ ಎಂಟ್ಹತ್ತು ಸಲ ಹಚ್ಚಿದ್ರೆ ಮನೆ ಬಳಕೆ ಜೊತೆ ಸೇರಿ ಗೃಹಜ್ಯೋತಿಯ 200 ಯೂನಿಟ್ ದಾಟಿ ಪೂರ್ತಿ ಬಿಲ್ ನಮ್ ತಲೆಗೇ ಬರುತ್ತೆ. ಈ ಲೆಕ್ಕ ಯಾರೂ ಮೊದ್ಲು ಹೇಳಲ್ಲ. ನಮ್ಮತ್ತೆ ಮಾತ್ರ ಪ್ರತಿ ತಿಂಗಳು ಹೇಳ್ತಾರೆ.

ಒಳ್ಳೇದು ಏನಿದೆ ಅಂದ್ರೆ, ಇದು ಕಾಯೋದ್ರಲ್ಲಿ ಒಂದು ಮಾತಾಡೋ ಹಾಗಿಲ್ಲ. ಹಗುರದ ಫೈರ್ ಬ್ರಿಕ್ಕು, ಅದ್ರ ಹಿಂದೆ ಸೆರಾಮಿಕ್ ಫೈಬರ್ ಕಂಬಳಿ, 830 ಡಿಗ್ರಿ ಒಳಗಿದ್ರೂ ಹೊರಗಡೆ ತಗಡು ಕೈ ಮುಟ್ಟೋ ಅಷ್ಟೇ ಬಿಸಿ. ಮೂರೂವರೆ ವರ್ಷಕ್ಕೆ ಕಾಯಿಲ್ ಒಂದೂ ಸುಟ್ಟಿಲ್ಲ. ನಾನು ಮಾಡೋದು ಹೆಚ್ಚಾಗಿ ಕೋಸ್ಟರು, ತಟ್ಟೆ, ಕಿವಿಯೋಲೆ, ಎರಡು ಗಾಜು ಒಂದ್ರ ಮೇಲೊಂದು ಇಟ್ಟು ಕರಗಿಸಿ ಒಂದಾಗ್ಸೋದು, ಆಮೇಲೆ ಅಚ್ಚಿನ ಮೇಲಿಟ್ಟು ಬಗ್ಗಿಸೋದು. ಫ್ಯೂಸಿಂಗ್ ಗಾಜು ಅಂತಲೇ ಬರೋ ಹೊರದೇಶದ ಗಾಜು ನಂಗೆ ಬಲು ದುಬಾರಿ, ಅದಕ್ಕೆ ಕಿಟಕಿಗೆ ಹಾಕೋ 4 ಎಂಎಂ ಫ್ಲೋಟ್ ಗಾಜಿನ ತುಂಡುಗಳನ್ನೇ ಗ್ಲಾಸ್ ಅಂಗಡಿಯಿಂದ ತರ್ತೀನಿ. ಕೆಳಗೆ ಬರೆದಿರೋ ಡಿಗ್ರಿಗಳೆಲ್ಲ ಆ ಗಾಜಿಗೆ, ನನ್ನ ಕಿಲ್ನಿಗೆ. ನಿಮ್ಮದ್ರಲ್ಲಿ ಹತ್ತಿಪ್ಪತ್ತು ಡಿಗ್ರಿ ಆಕಡೆ ಈಕಡೆ ಆಗುತ್ತೆ.

ಈಗ ದೂರು. ಕಾಯಿಲ್ ಎಲ್ಲಾ ಪಕ್ಕದ ಗೋಡೆಗಳಲ್ಲಿವೆ, ಮುಚ್ಚಳದಲ್ಲಿ ಒಂದೂ ಇಲ್ಲ. ಮಡಿಕೆ ಸುಡೋಕೆ ಅದು ಸರಿ, ಗಾಜಿಗೆ ಮೇಲಿಂದ ಶಾಖ ಬಿದ್ರೆ ಎಲ್ಲಾ ಕಡೆ ಸಮ ಕಾಯುತ್ತೆ. ಪಕ್ಕದಿಂದ ಬಿದ್ರೆ ತಟ್ಟೆ ಅಂಚು ಮೊದ್ಲು ಕಾದು ಹಿಗ್ಗುತ್ತೆ, ನಡುಭಾಗ ಇನ್ನೂ ತಣ್ಣಗೆ ಕೂತಿರುತ್ತೆ, ಫಟ್ ಅಂತ ಸೀಳುತ್ತೆ. ಮೊದಲ ಎರಡು ತಿಂಗಳು ನಂಗೆ ಇದು ಗೊತ್ತಾಗ್ದೆ ಗಾಜು ಸರಿಯಿಲ್ಲ ಅಂತ ಅಂಗಡಿ ಬದಲಾಯಿಸ್ತಾ ಇದ್ದೆ. ಒಂದಿನ ಎರಡು ಹೋಳಾದ ತಟ್ಟೆ ಕೈಲಿ ಹಿಡ್ಕೊಂಡು ಬಿರುಕಿನ ಅಂಚಿನ ಮೇಲೆ ಬೆರಳಾಡಿಸಿದ್ರೆ ಕೊಯ್ಯಲೇ ಇಲ್ಲ, ಚೀಪಿದ ಪೆಪ್ಪರ್‌ಮಿಂಟ್ ಥರ ನುಣ್ಣಗೆ ಗುಂಡಾಗಿತ್ತು. ಅಂದ್ರೆ ಏನು, ಕಾಯೋವಾಗ್ಲೇ ಒಡೆದಿದೆ, ಒಡೆದ್ಮೇಲೆ 800 ದಾಟಿ ಅಂಚು ಕರಗಿದೆ. ಅದೇ ಬಿರುಕು ಚೂಪಾಗಿ ಬೆರಳು ಕೊಯ್ಯೋ ಹಾಗಿದ್ರೆ ಆರೋವಾಗ ಒಡೆದಿದ್ದು. ಈ ಒಂದು ಗುರುತು ಗೊತ್ತಾದ್ಮೇಲೆ ನನ್ನ ಅರ್ಧ ತಲೆನೋವು ಹೋಯ್ತು. ಈಗ 540 ವರೆಗೂ ಗಂಟೆಗೆ 120 ಡಿಗ್ರಿ ಮೇಲೆ ಏರಿಸಲ್ಲ, ಗೋಡೆಯಿಂದ ಮೂರು ಬೆರಳು ಜಾಗ ಬಿಡ್ತೀನಿ, ಗಾಜು ಇಡೋ ಶೆಲ್ಫ್ ಕೆಳಗೆ ಒಂದಿಂಚಿನ ಗೂಟ ಇಟ್ಟು ಬಿಸಿಗಾಳಿ ಆಡೋಕೆ ದಾರಿ ಮಾಡಿದೀನಿ. 540 ದಾಟಿದ್ಮೇಲೆ ಭಯ ಇಲ್ಲ. ಅಂದ್ರೆ 14 ಇಂಚಿನ ಕಿಲ್ನ್‌ನಲ್ಲಿ ನಂಗೆ ನಿಜವಾಗ್ಲೂ ಸಿಗೋದು 10 ಇಂಚಿನ ತಟ್ಟೆ.

ಎರಡನೇ ದೂರು ದೊಡ್ಡದು. ಗೌರಿ ಹಬ್ಬಕ್ಕೆ ಬಾಗಿನದ ಜೊತೆ ಕೊಡೋಕೆ ಅಂತ ಒಬ್ರು ಎಲೆ ಡಿಸೈನಿನ ಸಣ್ಣ ತಟ್ಟೆ ಆರ್ಡರ್ ಕೊಟ್ಟಿದ್ರು, ವೀಳ್ಯದೆಲೆ ಆಕಾರದ ತುಂಡುಗಳು ತಟ್ಟೆ ಮೇಲೆ ಉಬ್ಬಿ ನಿಲ್ಬೇಕು, ಪೂರ್ತಿ ಕರಗಬಾರ್ದು, ಟ್ಯಾಕ್ ಫ್ಯೂಸ್ ಅಂತಾರಲ್ಲ ಅದು. ರಾತ್ರಿ ಹಚ್ಚಿ ಮಲಗಿದೆ. ಬೆಳಗ್ಗೆ ಐದೂವರೆಗೆ ಎದ್ದು ಹಿಂದಿನ ಬಾಗಿಲು ತೆಗೆದ್ರೆ ಬಿಸಿ ಮುಖಕ್ಕೆ ಹೊಡೀತು, ಡಿಸ್ಪ್ಲೇಲಿ 100 ಇರ್ಬೇಕಾದ ಕಡೆ ಕೆಂಪು ಅಕ್ಷರದಲ್ಲಿ 741. ನಡುರಾತ್ರಿ ಗಾಜು ಆರ್ತಾ ಇರೋವಾಗ ಕರೆಂಟ್ ಹೋಗಿ ಬಂದಿದೆ, ಬಂದ ತಕ್ಷಣ ಈ ಮಹಾರಾಯ ಮೊದಲ ಸ್ಟೆಪ್ಪಿಂದ ಮತ್ತೆ ಶುರು ಹಚ್ಕೊಂಡಿದೆ! ತೆಗೆದು ನೋಡಿದ್ರೆ ಎಲೆಗಳೆಲ್ಲ ತಟ್ಟೆ ಒಳಗೆ ಇಳಿದು ಕೂತಿವೆ, ಆರು ತಟ್ಟೆಲಿ ಒಂದೂ ಕೊಡೋ ಹಾಗಿರ್ಲಿಲ್ಲ. ಕಿಲ್ನ್ ಮಾಡ್ಕೊಟ್ಟೋರಿಗೆ ಫೋನ್ ಮಾಡಿದ್ರೆ "ಮೇಡಂ, ಇನ್ವರ್ಟರ್ ಹಾಕ್ಸಿ" ಅಂದ್ರು. 3 ಕಿಲೋವ್ಯಾಟಿಗೆ ಇನ್ವರ್ಟರಂತೆ. ಒಂದು ವರ್ಷ ಆದ್ಮೇಲೆ ಅದೇ ಕಂಟ್ರೋಲರಿನ ಮ್ಯಾನುಯಲ್ ಬೇರೆ ಕಡೆ ಸಿಕ್ತು, ಕರೆಂಟ್ ಹೋಗಿ ಬಂದ್ರೆ ಮೊದಲಿಂದ ಶುರು ಮಾಡ್ಬೇಕಾ, ಬಿಟ್ಟ ಕಡೆಯಿಂದ ಮುಂದುವರೀಬೇಕಾ, ಸುಮ್ನೆ ನಿಲ್ಬೇಕಾ ಅಂತ ಆರಿಸೋ ಸೆಟ್ಟಿಂಗ್ ಒಳಗೇ ಇತ್ತು ಕಣ್ರೀ! ಎರಡು ಬಟನ್ ಒತ್ತೋ ಕೆಲ್ಸ. ಮಾಡಿದವರಿಗೂ ಗೊತ್ತಿರ್ಲಿಲ್ಲ ಅನ್ಸುತ್ತೆ.

ಬಿಸಿ ಗಾಜನ್ನ ಆರಿಸೋದ್ರ ಬಗ್ಗೆ ಸ್ವಲ್ಪ ಉದ್ದ ಬರೀತೀನಿ, ಬೇಜಾರಾದ್ರೆ ದಾಟ್ಕೊಂಡು ಹೋಗಿ. ಗಾಜು ಕರಗಿ ಒಂದಾಯ್ತು ಅಂದ್ರೆ ಕೆಲ್ಸ ಮುಗೀತು ಅಂತ ನಾನಂದ್ಕೊಂಡಿದ್ದೆ, ಅಲ್ಲಿ ಅರ್ಧ ಮಾತ್ರ ಮುಗಿದಿರೋದು. ಫ್ಲೋಟ್ ಗಾಜು 550ರ ಸುಮಾರಿಗೆ ಬಂದಾಗ ಅಲ್ಲೇ ನಿಲ್ಲಿಸಿ ಒಳಗೂ ಹೊರಗೂ ಒಂದೇ ಶಾಖಕ್ಕೆ ಬರೋವರೆಗೂ ಕಾಯ್ಬೇಕು, ಇದೇ ಅನೀಲಿಂಗು. ಎರಡು ಪದರ ಸೇರಿ 8 ಎಂಎಂ ಆಗುತ್ತಲ್ಲ, ನಾನು ಒಂದೂವರೆ ಗಂಟೆ ನಿಲ್ಲಿಸ್ತೀನಿ, ಅಲ್ಲಿಂದ 400 ವರೆಗೂ ಗಂಟೆಗೆ 60 ಡಿಗ್ರಿ ಥರ ಇಳಿಸ್ತೀನಿ, ಆಮೇಲೆ ಆಫ್ ಮಾಡಿ ಮುಚ್ಚಳ ಮುಟ್ಟಲ್ಲ. ಫ್ಯೂಸಿಂಗಿಗೆ ಅಂತಲೇ ಬರೋ 90 ಸಿಓಇ (ಬಿಸಿಗೆ ಗಾಜು ಎಷ್ಟು ಹಿಗ್ಗುತ್ತೆ ಅನ್ನೋ ಅಳತೆ) ಗಾಜಿಗೆ ಇದೇ ಕೆಲ್ಸ 482 ಡಿಗ್ರಿಲಿ, ಅದನ್ನ ನೋಡಿ ಕಿಟಕಿ ಗಾಜಿಗೂ 482 ಹಾಕಿದ್ರೆ ಅಷ್ಟರಲ್ಲಿ ಅದು ಗಟ್ಟಿಯಾಗಿ ಹೊತ್ತು ಮೀರಿರುತ್ತೆ. ನಾನು ಹಾಕಿದ್ದೆ. ತಟ್ಟೆ ಹೊರಗೆ ಬಂದಾಗ ಚೆನ್ನಾಗೇ ಇತ್ತು, ಶೋಕೇಸಲ್ಲಿ ಇಟ್ಟು ನಾಲ್ಕು ದಿನ ಆದ್ಮೇಲೆ ಮಧ್ಯಾಹ್ನ ಯಾರೂ ಮುಟ್ದೇ ಇದ್ರೂ ಟಕ್ ಅಂತ ತಾನೇ ಎರಡಾಯ್ತು. ಅತ್ತೆ ದೃಷ್ಟಿ ಅಂದ್ರು.

ದೇವರಾಜ ಮಾರ್ಕೆಟ್ ಬಳೆಗಳ ಕಥೆನೂ ಹೇಳ್ಬೇಕು. ಬಣ್ಣದ ಗಾಜು ದುಬಾರಿ, ಗಾಜಿನ ಬಳೆ ಡಜನ್‌ಗಟ್ಲೆ ಅಗ್ಗಕ್ಕೆ ಸಿಗುತ್ತೆ, ಒಡೆದು ಎರಡು ಗಾಜಿನ ಮಧ್ಯೆ ಇಟ್ರೆ ಹೇಗೆ ಅಂತ ಬುದ್ಧಿ ಓಡಿಸ್ದೆ. ಹಸಿರು ಕೆಂಪು ಕಮಾನುಗಳು, ಎಷ್ಟು ಚೆಂದ ಬಂತು ಅಂದ್ರೆ ಫೋಟೋ ಎಲ್ಲರಿಗೂ ಕಳ್ಸಿದೆ. ವಾರ ಕಳೆಯೋದ್ರೊಳಗೆ ಪ್ರತಿ ಬಳೆ ತುಂಡಿನ ಸುತ್ತ, ಅದ್ರ ಆಕಾರಕ್ಕೆ ಸರಿಯಾಗಿ ಕೂದಲೆಳೆಯಂಥ ಬಿರುಕು. ಒಂದೊಂದು ಗಾಜು ಬಿಸಿಗೆ ಹಿಗ್ಗೋದು ಆರಿದ್ರೆ ಕುಗ್ಗೋದು ಒಂದೊಂದು ಅಳತೆ, ಎರಡಕ್ಕೂ ತಾಳೆ ಆಗ್ಲಿಲ್ಲ ಅಂದ್ರೆ ಎಷ್ಟೇ ನಿಧಾನ ಆರ್ಸಿ ಏನೂ ಉಪಯೋಗ ಇಲ್ಲ, ಇದು ಕಿಲ್ನ್ ತಪ್ಪಲ್ಲ. ಈಗ ಹೊಸ ಗಾಜು ಬಂದ್ರೆ ಮೊದ್ಲು ಸಣ್ಣ ಚೂರನ್ನ ನಮ್ಮ ಗಾಜಿನ ಪಟ್ಟಿ ಮೇಲೆ ಕರಗಿಸಿ, ಲ್ಯಾಪ್‌ಟಾಪಲ್ಲಿ ಬಿಳಿ ಸ್ಕ್ರೀನ್ ಇಟ್ಟು ಅದ್ರ ಮುಂದೆ ಹಿಡಿದು ನಮ್ಮನೆಯವರ ಪೋಲರಾಯ್ಡ್ ಕೂಲಿಂಗ್ ಗ್ಲಾಸ್ ಹಾಕ್ಕೊಂಡು ನೋಡ್ತೀನಿ. ಕನ್ನಡಕ ತಿರುಗಿಸ್ತಾ ಹೋದ್ರೆ ಒಂದು ಕಡೆ ಸ್ಕ್ರೀನ್ ಕಪ್ಪಾಗುತ್ತೆ, ಆಗ ಚೂರಿನ ಸುತ್ತ ಬೆಳ್ಳಗೆ ಪ್ರಭೆ ಕಂಡ್ರೆ ಒಳಗೆ ಎಳೆದಾಟ ಇದೆ ಅಂತ, ಆ ಗಾಜು ಬೇಡ. ಖರ್ಚಿಲ್ಲದ ಟೆಸ್ಟ್.

ಗುಳ್ಳೆ ವಿಷ್ಯ. ಒಂದ್ಸಲ ಮುಚ್ಚಳ ತೆಗೆದ್ರೆ ತಟ್ಟೆ ನಡುವೆ ಪೂರಿ ಥರ ಉಬ್ಬಿ, ತುದಿಯಲ್ಲಿ ತೂತು ಬಿದ್ದು ನಿಂತಿತ್ತು. ಗಾಜಿನ ಕೆಳಗೆ ಶೆಲ್ಫಲ್ಲಿ ಸಣ್ಣ ತಗ್ಗಿದ್ರೆ ಅಥ್ವಾ ಮಳೆಗಾಲದಲ್ಲಿ ಶೆಲ್ಫ್ ತೇವ ಎಳ್ಕೊಂಡಿದ್ರೆ ಹೀಗಾಗುತ್ತೆ. ಗಾಜು ಮೆತ್ತಗಾಗೋ 670ರಲ್ಲಿ ಮುಕ್ಕಾಲು ಗಂಟೆ ನಿಲ್ಸಿದ್ರೆ ಮಧ್ಯದ ಗಾಳಿ ನಿಧಾನಕ್ಕೆ ಅಂಚಿಂದ ಹೊರಗೆ ಹೋಗುತ್ತೆ, ಆಮೇಲೆ ಮೇಲಕ್ಕೆ ಏರಿಸಿ. ಕೆಳಗೆ ಬಿಸಿ ತಡೆಯೋ ಫೈಬರ್ ಪೇಪರ್ ಹಾಕಿದ್ರೆ ಇನ್ನೂ ಕ್ಷೇಮ.

ಫ್ಲೋಟ್ ಗಾಜಿನ ಇನ್ನೊಂದು ಕಾಟ ಅಂದ್ರೆ ಮೇಲೆ ಹಾಲಿನ ಕೆನೆ ಕಟ್ಟಿದ ಹಾಗೆ ಮಂಜು ಮಂಜಾಗೋದು. ಕಾಯೋವಾಗ್ಲೂ ಆರೋವಾಗ್ಲೂ 700ರಿಂದ 760ರ ಆಸುಪಾಸಲ್ಲಿ ಜಾಸ್ತಿ ಹೊತ್ತು ಕೂತ್ರೆ ಗಾಜಿನ ಮೈ ಹರಳುಗಟ್ಟುತ್ತೆ, ಕೈ ಎಣ್ಣೆ, ಧೂಳು ಇದ್ರೆ ಇನ್ನೂ ಬೇಗ. ಗ್ರಂಧಿಗೆ ಅಂಗಡಿಲಿ ಸಿಗೋ ಬಿಳಿಗಾರ ಬಿಸಿನೀರಲ್ಲಿ ಕರಗಿಸಿ ತೆಳ್ಳಗೆ ಸ್ಪ್ರೇ ಮಾಡಿ ಸುಟ್ರೆ ಹೊಳಪು ಉಳಿಯುತ್ತೆ. ಜಾಸ್ತಿ ಆದ್ರೆ ಚುಕ್ಕಿ ಚುಕ್ಕಿ ಬರುತ್ತೆ, ಕೈ ಹಿಡಿತ ಬೇಕು. ಫ್ಲೋಟ್ ಗಾಜು ತಯಾರಾಗೋವಾಗ ಕರಗಿದ ತವರದ ಮೇಲೆ ತೇಲಿ ಬಂದಿರುತ್ತೆ, ಆ ತವರದ ಮಗ್ಗುಲಿಗೂ ಇನ್ನೊಂದು ಮಗ್ಗುಲಿಗೂ ವ್ಯತ್ಯಾಸ ಇದೆ, ಬಗ್ಗಿಸಿದಾಗ ಒಂದೊಂದ್ಸಲ ತವರದ ಮಗ್ಗುಲು ಮಾಸಲಾಗೋದು ಅದ್ರಿಂದ್ಲೇ. ಚಿಕ್ಕ ಅಲೆಯ ಯುವಿ ಟಾರ್ಚ್ ಬಿಟ್ರೆ ತವರದ ಕಡೆ ಮಬ್ಬು ಬೆಳ್ಳಗೆ ಹೊಳೆಯುತ್ತೆ, ಕಣ್ಣಿಗೆ ಬೀಳದ ಹಾಗೆ ನೋಡ್ಕೊಳ್ಳಿ.

ಮೂರನೇ ವರ್ಷ ಒಂದು ಹೆದರಿಕೆ ಆಯ್ತು. ಬಟ್ಟಲು ಬಗ್ಗಿಸೋಕೆ 690 ಹಾಕಿದ್ದೆ, ಮಲಗೋ ಮುಂಚೆ ನೋಡೋಣ ಅಂತ ಹೋದ್ರೆ 758, ಹೀಟರ್ ಲೈಟ್ ಆರಿದೆ ಆದ್ರೂ ನಂಬರ್ ಏರ್ತಾನೇ ಇದೆ. ಎಂಸಿಬಿ ಇಳಿಸ್ದೆ. ಕಾಯಿಲಿಗೆ ಕರೆಂಟ್ ಬಿಡೋ ಎಲೆಕ್ಟ್ರಾನಿಕ್ ಸ್ವಿಚ್ಚು, ಎಸ್‌ಎಸ್‌ಆರ್ ಅಂತಾರೆ, ಶಾರ್ಟ್ ಆಗಿತ್ತು, ಅದು ಕೆಟ್ರೆ ಬಹಳ ಸಲ ಆಫ್ ಆಗೋ ಬದ್ಲು ಆನ್ ಆಗೇ ಉಳಿಯುತ್ತೆ, ಕಂಟ್ರೋಲರ್ ಎಷ್ಟು ಬೇಡ ಅಂದ್ರೂ ಕೇಳಲ್ಲ. ಅದೇ ಮಂಡ್ಯ ಹುಡುಗನ್ನ ಕರ್ಸಿ ಶಾಖ ಅಳೆಯೋಕೆ ಬೇರೆ ಥರ್ಮೋಕಪಲ್, ಬೇರೆ ಕಟಾಫ್, ಲೈನ್ ಕಟ್ ಮಾಡೋಕೆ ಅದಕ್ಕೊಂದು ಕಾಂಟ್ಯಾಕ್ಟರ್ ಹಾಕ್ಸಿದೆ, 870 ದಾಟಿದ್ರೆ ಪೂರ್ತಿ ಲೈನೇ ಕಟ್ಟಾಗುತ್ತೆ. ಮೂರು ಸಾವಿರದೊಳಗೆ ಆಯ್ತು. ಇದು ಮೊದಲ ದಿನವೇ ಇರ್ಬೇಕಿತ್ತು, 70 ಸಾವಿರ ತಗೊಂಡವ್ರು ಇದನ್ನ ಬಿಟ್ಟಿದ್ದು ನಂಗೆ ಇವತ್ತಿಗೂ ಸಿಟ್ಟು. ರಾತ್ರಿ ಹಚ್ಚಿ ಮಲಗೋದನ್ನ ಅವತ್ತಿಂದ ಬಿಟ್ಟೆ.

ಮೇಂಟೆನೆನ್ಸ್ ಅಂತ ಹೆಚ್ಚೇನಿಲ್ಲ. ಗಾಜು ಅಂಟದ ಹಾಗೆ ಶೆಲ್ಫಿಗೆ ಬಳಿಯೋ ಕಿಲ್ನ್ ವಾಷ್ ಫುಲ್ ಫ್ಯೂಸ್ ಆದ್ಮೇಲೆ ಪ್ರತಿ ಸಲ ಕೆರೆದು ಹೊಸದಾಗಿ ಬಳೀಬೇಕು, ಸೋಮಾರಿತನ ಮಾಡಿದ್ರೆ ಗಾಜಿನ ಬೆನ್ನಿಗೆ ಸುಣ್ಣದ ಥರ ಅಂಟ್ಕೊಳ್ಳುತ್ತೆ, ಉಜ್ಜಿದ್ರೂ ಹೋಗಲ್ಲ. ಕೆರೆಯೋವಾಗ, ಸುಟ್ಟ ಫೈಬರ್ ಪೇಪರ್ ಎತ್ತೋವಾಗ ಮಾಸ್ಕ್ ಹಾಕ್ಕೊಳ್ಳಿ, ಬಟ್ಟೆ ಮಾಸ್ಕ್ ಅಲ್ಲ, ಸರಿಯಾದ ಧೂಳಿನ ಮಾಸ್ಕ್. ಕೆ ಟೈಪ್ ಥರ್ಮೋಕಪಲ್ ಒಂದ್ಸಲ ಬದಲಾಯಿಸಿದೀನಿ, ಹಳೇದು ಹದಿನೈದು ಡಿಗ್ರಿ ಕಮ್ಮಿ ತೋರಿಸ್ತಾ ಇತ್ತು, ಮಾಮೂಲಿ ಪ್ರೋಗ್ರಾಮಲ್ಲೇ ತಟ್ಟೆಗಳು ಯಾಕೋ ಜಾಸ್ತಿ ಕರಗ್ತಿವೆ ಅಂತ ಅನುಮಾನ ಬಂದಿದ್ದು ಅದ್ರಿಂದ. ಹೊರ ತಗಡು ಮಳೆಗಾಲಕ್ಕೆ ತುಕ್ಕು ಹಿಡಿದಿದೆ, ಬಣ್ಣ ಹೊಡೆಸ್ಬೇಕು.

ಸ್ಟಾಲ್ ಹಾಕಿದಾಗ ಜನ ಕೇಳೋದು ಒಂದೇ, "ಇದು ಅರಮನೆ ಗಾಜಿನ ಥರದ್ದಾ?" ಅಲ್ಲ. ಕಲ್ಯಾಣ ಮಂಟಪದ ನವಿಲಿನ ಚಾವಣಿ ಗ್ಲಾಸ್ಗೋದಿಂದ ಬಂದಿದ್ದು, ಅದು ಬಣ್ಣದ ಗಾಜು ಕತ್ತರಿಸಿ ಲೋಹದ ಚೌಕಟ್ಟಲ್ಲಿ ಜೋಡಿಸಿರೋದು, ನಂದು ಒಲೆಲಿ ಕರಗಿಸಿ ಒಂದೇ ಗಾಜು ಮಾಡೋದು. ಇಷ್ಟು ಹೇಳೋ ಹೊತ್ತಿಗೆ ಅವ್ರು ಪಕ್ಕದ ಸ್ಟಾಲಿನ ಚನ್ನಪಟ್ಟಣದ ಬೊಂಬೆ ನೋಡ್ತಿರ್ತಾರೆ.

ಐದಕ್ಕೆ ಮೂರೂವರೆ ಸ್ಟಾರ್ ಕೊಡ್ತೀನಿ. ಹೋದ ತಿಂಗಳು ಹೆಬ್ಬಾಳ ಕಡೆಯಿಂದ ಒಬ್ಬ ಹುಡುಗಿ ಬಂದು ನೋಡ್ಕೊಂಡು ಹೋದ್ಲು, ಅವಳೂ ಅದೇ ಫರ್ನೇಸಿನವರ ಹತ್ರ ಮಾಡಿಸ್ತಾಳಂತೆ. ನಾನು ಒಂದು ಚೀಟಿಲಿ ಬರೆದು ಕೊಟ್ಟೆ: ಕಾಯಿಲ್ ಮುಚ್ಚಳದಲ್ಲೂ ಬೇಕು, ಬೇರೆ ಓವರ್‌ಹೀಟ್ ಕಟಾಫ್ ಬೇಕು, ಕಂಟ್ರೋಲರಿನ ಮ್ಯಾನುಯಲ್ ಕೈಗೆ ಕೊಡದೆ ಬಾಕಿ ದುಡ್ಡಿಲ್ಲ. ಅವ್ರು ಮುಚ್ಚಳದ ಕಾಯಿಲಿಗೆ 9 ಸಾವಿರ ಎಕ್ಸ್‌ಟ್ರಾ ಕೇಳಿದಾರೆ ಅಂತ ನಿನ್ನೆ ಮೆಸೇಜ್ ಮಾಡಿದ್ಲು. ಕೊಟ್ಬಿಡಮ್ಮ ಅಂದೆ.